ಎಂಟಕ್ಕೆ ಸೇರಿದವರೆಲ್ಲ ಎಲ್ಲಿ? ಸರ್ಕಾರಿ ಪ್ರೌಢಶಾಲೆಗಳ ಪರವಾಗಿ ಒಂದು ಪ್ರಣಾಳಿಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಜಿಲ್ಲೆಗಳ ಪಟ್ಟಿ ಅಚ್ಚಾಗುತ್ತದೆ. ಮೇಲೆ ಕರಾವಳಿ, ಕೆಳಗೆ ನಾವು. 2024ರಲ್ಲಿ ಉಡುಪಿ ಶೇ. 94, ಯಾದಗಿರಿ ಶೇ. 50.59. 2025ರ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತು. ಅಧಿಕಾರಿಗಳ ಸಭೆ ಸೇರುತ್ತದೆ, ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ, ಮುಂದಿನ ವರ್ಷ ಇಷ್ಟು ಸ್ಥಾನ ಮೇಲೇರಲೇಬೇಕು ಎಂದು ಗುರಿ ಕೊಡಲಾಗುತ್ತದೆ. ಶಾಲೆ ಶುರುವಾಗುವಷ್ಟರಲ್ಲಿ ಮಾತು ತಣ್ಣಗಾಗಿರುತ್ತದೆ.

ಆ ಪಟ್ಟಿಯಲ್ಲಿ ಒಂದು ಸಂಖ್ಯೆ ಎಂದೂ ಇರುವುದಿಲ್ಲ. ಮೂರು ವರ್ಷದ ಹಿಂದೆ ಎಂಟನೇ ತರಗತಿಗೆ ಹೆಸರು ಹಚ್ಚಿದ ಮಕ್ಕಳಲ್ಲಿ ಪರೀಕ್ಷಾ ಕೊಠಡಿಯವರೆಗೆ ಬಂದವರು ಎಷ್ಟು ಮಂದಿ? ಶೇಕಡಾವಾರು ಲೆಕ್ಕ ಶುರುವಾಗುವುದೇ ಪರೀಕ್ಷೆಗೆ ಕೂತವರಿಂದ. ಅದಕ್ಕೂ ಮೊದಲೇ ದಾರಿಯಲ್ಲಿ ಉಳಿದವರು ಪಾಸಾದವರ ಲೆಕ್ಕಕ್ಕೂ ಇಲ್ಲ, ನಪಾಸಾದವರ ಲೆಕ್ಕಕ್ಕೂ ಇಲ್ಲ.

ಈ ಪ್ರಶ್ನೆಯನ್ನು ಊರೂರಿನ ಶಾಲೆಯ ಅಂಗಳದಲ್ಲಿ ನಿಂತು ಕೇಳುವುದಕ್ಕೆ ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳ ನಾವು ಒಂದುಗೂಡಿದ್ದೇವೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಇಂದು ನೌಕರಿಯಲ್ಲಿರುವವರು ನಮ್ಮಲ್ಲಿದ್ದಾರೆ. ಮಕ್ಕಳನ್ನು ಅಲ್ಲೇ ಓದಿಸುತ್ತಿರುವ ಕೂಲಿಕಾರರು, ಅತಿಥಿ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಇದ್ದಾರೆ. ಹತ್ತನೆಯದು ಮುಗಿಸಲಾಗದೆ ಬೆಂಗಳೂರಿನ ಕಟ್ಟಡಗಳಲ್ಲಿ ಸಿಮೆಂಟು ಹೊತ್ತು ಬಂದ ಹುಡುಗರೂ ಇದ್ದಾರೆ. ನಾವು ಹೇಳುವುದು ಇಷ್ಟು: ಶಾಲೆಯೊಂದರ ಫಲಿತಾಂಶವನ್ನು ಅಲ್ಲಿನ ಮಕ್ಕಳು ಯಾರು, ಅವರಿಗೆ ಸಿಕ್ಕಿದ್ದೇನು, ನಡುವೆ ಬಿಟ್ಟುಹೋದವರೆಷ್ಟು ಎಂಬ ಲೆಕ್ಕದ ಜೊತೆಗಿಟ್ಟೇ ಓದಬೇಕು. ಆ ಲೆಕ್ಕ ಊರಿನ ಕೈಯಲ್ಲಿರಬೇಕು.

ಅಂತರ ಇರುವುದು ಎಲ್ಲಿ?

"ಸರ್ಕಾರಿ ಶಾಲೆ ಅಂದಮೇಲೆ ಅಷ್ಟೇ" ಎಂಬ ಮಾತು ನಮ್ಮ ಊರುಗಳಲ್ಲಿ ಗಾದೆಯ ಹಾಗೆ ಓಡಾಡುತ್ತಿದೆ. ಅಂಕಿಗಳು ಆ ಮಾತನ್ನು ಒಪ್ಪುವುದಿಲ್ಲ. 2025ರ ಪರೀಕ್ಷೆ-1 ಬರೆದವರು 7,90,890 ಮಕ್ಕಳು, ಪಾಸಾದವರು 5,23,075, ಅಂದರೆ ಶೇ. 66.14. ಸರ್ಕಾರಿ ಶಾಲೆಗಳದ್ದು ಶೇ. 62.7. ಅನುದಾನಿತ ಶಾಲೆಗಳದ್ದು ಅದಕ್ಕಿಂತ ಕಡಿಮೆ, ಶೇ. 58.97. ಅನುದಾನರಹಿತ ಖಾಸಗಿ ಶಾಲೆಗಳದ್ದು ಶೇ. 75.59. ಶುಲ್ಕ ಕಟ್ಟಿಸಿಕೊಂಡು, ಮಕ್ಕಳನ್ನು ಆರಿಸಿಕೊಂಡು ಓದಿಸುವ ಶಾಲೆಗೂ, ಬಾಗಿಲಿಗೆ ಬಂದ ಯಾವ ಮಗುವನ್ನೂ ವಾಪಸು ಕಳಿಸದ ಶಾಲೆಗೂ ನಡುವಿನ ಅಂತರ ಸುಮಾರು ಹದಿಮೂರು ಅಂಶ. ಅದೇ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು ಶೇ. 74, ಗಂಡುಮಕ್ಕಳು ಶೇ. 58.07, ಇಲ್ಲಿನ ಅಂತರ ಹದಿನಾರು. ಮೊದಲ ಜಿಲ್ಲೆಗೂ ಕೊನೆಯ ಜಿಲ್ಲೆಗೂ ನಡುವೆ ಮಾತ್ರ ಸುಮಾರು ನಲವತ್ತೊಂಬತ್ತು ಅಂಶ!

ಈ ಮೂರು ಅಂತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದು ಸಂಗತಿ ಕಾಣಲೇಬೇಕು. ಫಲಕದ ಮೇಲೆ 'ಸರ್ಕಾರಿ' ಎಂದು ಬರೆದಿರುವುದು ಮಗುವನ್ನು ನಪಾಸು ಮಾಡುತ್ತಿಲ್ಲ. ಆ ಶಾಲೆ ಯಾವ ನೆಲದ ಮೇಲೆ ನಿಂತಿದೆ, ಅದರೊಳಗೆ ಬರುವ ಮಗು ಯಾವ ಮನೆಯಿಂದ ಬರುತ್ತದೆ, ಒಳಗೆ ಬಂದಮೇಲೆ ಪಾಠ ಮಾಡಲು ಯಾರಿದ್ದಾರೆ ಎಂಬುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ತೂಗುತ್ತದೆ.

ಶೇಕಡಾವಾರು ಎಂಬುದು ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನೂ ಈಚಿನ ವರ್ಷಗಳಲ್ಲಿ ಕಂಡಿದ್ದೇವೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ನಿಂತಿತು, ಕೃಪಾಂಕ ತೆಗೆದರೆ ಅದು ಶೇ. 54ರ ಆಸುಪಾಸು. ಮರುವರ್ಷ ಆ ಕೃಪಾಂಕವೂ ಹೋಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾಗಲಿಲ್ಲ. ಮೊದಲು ಮುಚ್ಚಿಟ್ಟಿದ್ದು ಹೊರಬಿತ್ತು, ಅಷ್ಟೆ. ವೆಬ್‌ಕಾಸ್ಟಿಂಗನ್ನು ನಾವು ಪೂರ್ತಿಯಾಗಿ ಬೆಂಬಲಿಸುತ್ತೇವೆ. ನಕಲು ಮಾಡಿಸಿ ಪಾಸು ಮಾಡಿಸುವುದು ಬಡವರ ಮಕ್ಕಳಿಗೆ ಮಾಡುವ ಉಪಕಾರವಲ್ಲ; ಪಿಯುಸಿಗೆ ಹೋಗಿ ಮೊದಲ ತಿಂಗಳಲ್ಲೇ ಕಾಲೇಜು ಬಿಡುವ ಹುಡುಗನನ್ನು ಕೇಳಿದರೆ ಅವನೇ ಹೇಳುತ್ತಾನೆ. ಆದರೆ ಕ್ಯಾಮೆರಾ ಹಾಕಲು ತೋರಿದ ಆತುರವನ್ನು ಗಣಿತದ ಮೇಷ್ಟ್ರನ್ನು ಹಾಕುವುದರಲ್ಲಿ ತೋರಲಿಲ್ಲ ಎಂಬುದು ನಮ್ಮ ದೂರು.

ಬೆಂಚಿನ ಮೇಲೆ ಕೂತವರು

ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಯಾವ ಊರಿನ ಬಸ್‌ಸ್ಟ್ಯಾಂಡಿಗೆ ಬಂದರೂ ಹಳದಿ ವ್ಯಾನುಗಳು ಕಾಣುತ್ತವೆ. ಕೈಯಲ್ಲಿ ನಾಲ್ಕು ಕಾಸಿರುವ ಮನೆಯ ಮಕ್ಕಳು ಅವುಗಳಲ್ಲಿ ತಾಲೂಕಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾರೆ. ಒಂದೇ ಮನೆಯಲ್ಲಿ ಮಗ ವ್ಯಾನಿನಲ್ಲಿ, ಮಗಳು ಊರ ಶಾಲೆಗೆ ನಡೆದು ಹೋಗುವುದನ್ನೂ ನೋಡುತ್ತೇವೆ. ಐದನೇ ತರಗತಿಯ ನಂತರ ಇನ್ನೊಂದು ಜರಡಿ. ಓದಿನಲ್ಲಿ ಚುರುಕಾಗಿರುವವರು ಪ್ರವೇಶ ಪರೀಕ್ಷೆ ಬರೆದು ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ, ಆದರ್ಶ ವಿದ್ಯಾಲಯಗಳಿಗೆ ಹೋಗುತ್ತಾರೆ. ಹೋಗಲಿ, ಅವರೂ ನಮ್ಮ ಮಕ್ಕಳೇ. ಆದರೆ ಈ ಎರಡು ಜರಡಿಯಲ್ಲಿ ಉಳಿದ ಮಕ್ಕಳೆಲ್ಲ ಬರುವುದು ಊರಿನ ಸಾಮಾನ್ಯ ಸರ್ಕಾರಿ ಪ್ರೌಢಶಾಲೆಗೆ ಎಂಬುದನ್ನು ಫಲಿತಾಂಶದ ದಿನ ಯಾರೂ ನೆನೆಯುವುದಿಲ್ಲ.

ಆ ಮಕ್ಕಳು ಯಾರು? ಮಾದಿಗರ, ಹೊಲೆಯರ ಓಣಿಯವರು, ಬೇಡರು, ಕಬ್ಬಲಿಗರು, ಕುರುಬರು, ಬಡ ಮುಸಲ್ಮಾನರ ಮನೆಯವರು. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ಮನೆಯಲ್ಲಿ ಗೋರ್ ಬೋಲಿ, ಗುರುಮಠಕಲ್ ಗಡಿಯ ಮಗುವಿಗೆ ತೆಲುಗು, ಪೇಟೆಯ ಓಣಿಯ ಮಗುವಿಗೆ ಉರ್ದು. ಪಾಠ ಕನ್ನಡದಲ್ಲಿ, ಅದೂ ಬೆಂಗಳೂರಲ್ಲಿ ಕೂತು ಬರೆದ ಪುಸ್ತಕದ ಕನ್ನಡದಲ್ಲಿ. ಬಹುಪಾಲು ಮಕ್ಕಳು ತಮ್ಮ ವಂಶದಲ್ಲಿ ಪ್ರೌಢಶಾಲೆ ಮೆಟ್ಟಿಲು ಹತ್ತಿದ ಮೊದಲಿಗರು.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 41.38. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡದ್ದು ಶೇ. 84.13. ಅಂದು ಎಣಿಸಿದ ಹೆಣ್ಣುಮಕ್ಕಳೇ ಇಂದು ಹತ್ತನೇ ತರಗತಿಯಲ್ಲಿ ಕೂತ ಮಕ್ಕಳ ತಾಯಂದಿರು. ಮಂಗಳೂರಿನ ತಾಯಿ ಮಗಳ ನೋಟ್‌ಬುಕ್ ತೆರೆದು ಬರೆದದ್ದು ಸರಿಯೋ ತಪ್ಪೋ ನೋಡಬಲ್ಲಳು. ನಮ್ಮ ತಾಯಿ ಮಗಳು ಓದುವ ಹೊತ್ತಿಗೆ ಕಸಮುಸುರೆಯನ್ನು ತಾನೇ ಮಾಡಿಕೊಂಡರೆ ಅದೇ ಅವಳು ಕೊಡಬಹುದಾದ ದೊಡ್ಡ ಟ್ಯೂಷನ್. ಎಷ್ಟೋ ತಾಯಂದಿರು ಅದನ್ನು ಕೊಡುತ್ತಲೂ ಇದ್ದಾರೆ.

ಕರಾವಳಿಯವರು ನಮಗಿಂತ ಜಾಣರು ಎಂಬ ಮಾತನ್ನು ನಾವು ಒಪ್ಪುವುದಿಲ್ಲ, ಅವರ ಮೇಲೆ ಹೊಟ್ಟೆಕಿಚ್ಚೂ ನಮಗಿಲ್ಲ. ಅಲ್ಲಿ ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದಿಳಿದು ಶಾಲೆ ಕಟ್ಟತೊಡಗಿದ್ದರು. ಇಲ್ಲಿ ನಾವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದೆವು. ಕನ್ನಡದ ಮಗು ಮೇಲಿನ ಓದಿಗೆ ಹೋಗಬೇಕಾದರೆ ಮೊದಲು ಉರ್ದು ಕಲಿಯಬೇಕಿತ್ತು. ಒಂದು ಶತಮಾನಕ್ಕೂ ಹೆಚ್ಚಿನ ಹಿಂದುಳಿಕೆ ಅದು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಹಾಕಿ ತೋರಿಸಿತು. ಮುಂದೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಹೋರಾಡಿ ಪಡೆದದ್ದು ಅದು. ಅದರಿಂದ ನಮ್ಮ ಎಷ್ಟೋ ಮಕ್ಕಳು ವೈದ್ಯರು, ಎಂಜಿನಿಯರುಗಳು ಆಗಿದ್ದಾರೆ. ಆದರೆ ಆ ಮೀಸಲಾತಿಯ ಬಾಗಿಲಿಗೆ ಹೋಗಿ ನಿಲ್ಲಬೇಕಾದರೆ ಮೊದಲು ಹತ್ತನೆಯದನ್ನು ದಾಟಬೇಕು.

ಈ ಲೆಕ್ಕ ನಾಡಿಗೆ ಹೊಸದಲ್ಲ

ಮಕ್ಕಳು ಯಾವ ಸಮುದಾಯದವರು, ಯಾವ ಮನೆಯವರು ಎಂದು ಎಣಿಸಲು ಹೊರಟರೆ ಕೆಲವರಿಗೆ ಮುಜುಗರ. ಶಾಲೆಯಲ್ಲಿ ಜಾತಿ ಯಾಕೆ ಎನ್ನುತ್ತಾರೆ. ಅಂಥವರಿಗೆ ಈ ನಾಡಿನ ಚರಿತ್ರೆಯನ್ನೇ ನೆನಪಿಸುತ್ತೇವೆ. ಮೈಸೂರು ರಾಜ್ಯದಲ್ಲಿ ಡಾ. ಆರ್. ನಾಗನಗೌಡರ ಸಮಿತಿ 1961ರಲ್ಲಿ ವರದಿ ಕೊಟ್ಟಾಗ ಹಿಂದುಳಿದಿರುವಿಕೆಯನ್ನು ಅಳೆಯಲು ಹಿಡಿದ ಒಂದು ಮುಖ್ಯ ಅಳತೆಗೋಲು ಹೈಸ್ಕೂಲೇ. ಒಂದೊಂದು ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದಾರೆ ಎಂದು ಎಣಿಸಿದರು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಎಂದು ಬಂತು. ಆ ಅಂಕಿ ಮುಂದೆ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1962ರ ಆ ತೀರ್ಪಿನಲ್ಲಿ ನ್ಯಾಯಾಲಯ ಸರ್ಕಾರದ ಮೀಸಲಾತಿ ಆದೇಶವನ್ನು ರದ್ದು ಮಾಡಿತು. ಜಾತಿಯೊಂದೇ ಅಳತೆಗೋಲಾಗಬಾರದು ಎಂದಿತು, ಸರಾಸರಿಗಿಂತ ಮೇಲಿದ್ದವರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿದ್ದನ್ನು ಪ್ರಶ್ನಿಸಿತು. ಎಲ್.ಜಿ. ಹಾವನೂರರ ಆಯೋಗವೂ 1975ರ ತನ್ನ ವರದಿಗೆ 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾವ ಸಮುದಾಯದಿಂದ ಎಷ್ಟು ಮಂದಿ ಪಾಸಾದರು ಎಂಬುದನ್ನೇ ಆಧಾರ ಮಾಡಿಕೊಂಡಿತು.

ಅವರು ಎಣಿಸಿದ್ದು ನ್ಯಾಯ ಹಂಚುವುದಕ್ಕೆ. ಯಾರು ಹೈಸ್ಕೂಲು ದಾಟುತ್ತಿಲ್ಲ ಎಂದು ತಿಳಿಯದೆ ಯಾರ ಕೈ ಹಿಡಿಯಬೇಕೆಂದು ತಿಳಿಯುವುದು ಹೇಗೆ? ಆ ಪರಂಪರೆಯನ್ನು ನಾವು ನಮ್ಮದೆಂದು ಒಪ್ಪಿಕೊಳ್ಳುತ್ತೇವೆ. ಒಂದೇ ವ್ಯತ್ಯಾಸ. ಅವರ ಲೆಕ್ಕ ವಿಧಾನಸೌಧದ ಕಪಾಟು ಸೇರಿತು. ನಮ್ಮದು ಶಾಲೆಯ ಅಂಗಳದಲ್ಲಿ ಓದಿ ಹೇಳುವಂಥದ್ದಾಗಬೇಕು. ಹೊಸದಾಗಿ ಸಮೀಕ್ಷೆ ಬೇಕಾಗಿಲ್ಲ. ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇದೆ. ಮಗು ಎಲ್ಲಿಂದ ಬಂತು, ಯಾವಾಗ ಸೇರಿತು, ಎಲ್ಲಿಗೆ ಹೋಯಿತು ಎಂಬುದೆಲ್ಲ ಇಲಾಖೆಯ ಕಂಪ್ಯೂಟರಿನಲ್ಲಿ ಕೂತಿದೆ.

ಒಂದು ಮಾತು ಸ್ಪಷ್ಟ ಮಾಡುತ್ತೇವೆ. ಮಗುವಿನ ಹೆಸರಿನ ಮುಂದೆ ಜಾತಿ ಬರೆದು ಗೋಡೆಗೆ ಅಂಟಿಸುವುದನ್ನು ಯಾರೇ ಮಾಡಿದರೂ ನಾವು ಕಿತ್ತುಹಾಕುತ್ತೇವೆ. ಲೆಕ್ಕ ಗುಂಪಿನದ್ದು, ಮಗುವಿನದ್ದಲ್ಲ. ಒಂದು ಸಮುದಾಯದಿಂದ ಒಬ್ಬಿಬ್ಬರೇ ಮಕ್ಕಳಿರುವ ಶಾಲೆಯಲ್ಲಿ ಆ ಸಾಲನ್ನು ಹೊರಗೆ ಓದುವುದೂ ಇಲ್ಲ.

ಹಾಜರಿ ಪುಸ್ತಕ ಹೇಳುವುದು

ನಮ್ಮ ಭಾಗದ ಒಂಬತ್ತನೇ ತರಗತಿಯ ಹಾಜರಿ ಪುಸ್ತಕವನ್ನು ಜೂನ್‌ನಿಂದ ಮಾರ್ಚ್‌ವರೆಗೆ ಹಾಳೆ ಹಾಳೆ ತಿರುವಿ ನೋಡಿ. ಮಳೆಗಾಲದ ಹಾಳೆಗಳು ತುಂಬಿರುತ್ತವೆ. ದಸರಾ ರಜೆ ಮುಗಿದಮೇಲೆ ಗೈರಿನ ಗುರುತುಗಳು ಶುರು. ಹತ್ತಿ ಒಡೆದು ನಿಂತಿರುತ್ತದೆ. ಹೊತ್ತು ಹುಟ್ಟುವ ಮೊದಲೇ ಟಂಟಂ ಬಂದು ಓಣಿಯಲ್ಲಿ ನಿಲ್ಲುತ್ತದೆ. ತಾಯಿಯ ಜೊತೆ ಮಗಳೂ ಬುತ್ತಿ ಕಟ್ಟಿಕೊಂಡು ಏರುತ್ತಾಳೆ. ಬಿಡಿಸಿದ ಹತ್ತಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ, ಇನ್ನೆರಡು ಕೈ ಸೇರಿದರೆ ಸಂಜೆ ತಕ್ಕಡಿಯ ಮೇಲೆ ಅಷ್ಟು ಹೆಚ್ಚು. ಹತ್ತಿ ಮುಗಿಯುವ ಹೊತ್ತಿಗೆ ತೊಗರಿ, ಆಮೇಲೆ ಮೆಣಸಿನಕಾಯಿ. ಮೆಣಸಿನಕಾಯಿ ಬಿಡಿಸುವ ಕಾಲವೂ ಪರೀಕ್ಷೆಯ ಕಾಲವೂ ಒಂದರ ಬೆನ್ನಿಗೊಂದು ಬರುತ್ತವೆ. ಕೈ ಉರಿಯುತ್ತಿರುವಾಗ ಪೆನ್ನು ಹಿಡಿದ ಹುಡುಗಿಯರು ನಮ್ಮ ಶಾಲೆಗಳಲ್ಲಿದ್ದಾರೆ.

ಗುಳೆ ಹೋಗುವ ಮನೆಗಳ ಮಾತು ಇನ್ನೂ ಬೇರೆ. ದೀಪಾವಳಿ ಆದಮೇಲೆ ಬೀಗ ಹಾಕಿದರೆ ಯುಗಾದಿಗೆ ತೆರೆಯುವ ಬಾಗಿಲುಗಳು ಅವು. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದು. ಮೇಷ್ಟ್ರು ಫೋನು ಮಾಡಿದರೆ ಆ ಕಡೆಯಿಂದ "ಹೋಳಿ ಹುಣ್ಣಿವಿ ಮುಗಿಸಿ ಕಳಸ್ತೀವ್ರಿ ಸರ, ಹೆಸರೊಂದು ತೆಗೀಬ್ಯಾಡ್ರಿ" ಎಂಬ ಉತ್ತರ. ಆ ಮಾತಿನಲ್ಲಿ ಉಡಾಫೆ ಇಲ್ಲ. ಮಗನ ಹೆಸರು ಶಾಲೆಯಲ್ಲಿ ಉಳಿಯಲಿ ಎಂಬ ಬೇಡಿಕೆ ಇದೆ. ಅದನ್ನು ಕೇಳಿಸಿಕೊಳ್ಳಲು ಯಾರಿಗಾದರೂ ಕಿವಿ ಇದ್ದರೆ, ಪರೀಕ್ಷೆಯವರೆಗೆ ಆ ಹುಡುಗ ಊರಲ್ಲೇ ಉಳಿದು ಓದಲು ಒಂದು ಮಾಡು, ಎರಡು ಹೊತ್ತಿನ ಊಟ ಒದಗಿಸಬಹುದಿತ್ತು.

ಗಂಡುಮಕ್ಕಳ ಬಗ್ಗೆ ಇನ್ನಷ್ಟು ಹೇಳಬೇಕಾಗಿದೆ, ಏಕೆಂದರೆ ಅವರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಫಲಿತಾಂಶದ ದಿನ "ಬಾಲಕಿಯರೇ ಮೇಲುಗೈ" ಎಂದು ಶೀರ್ಷಿಕೆ ಬರುತ್ತದೆ. ಹೆಣ್ಣುಮಕ್ಕಳ ಗೆಲುವಿಗೆ ನಾವೂ ಹೆಮ್ಮೆ ಪಡುತ್ತೇವೆ; ಹದಿನೈದರಲ್ಲೇ ಮದುವೆ ಮಾಡುವ ಮನೆಗಳಲ್ಲಿ ಅಂಕಪಟ್ಟಿಯನ್ನೇ ಹಿಡಿದು ಇನ್ನೆರಡು ವರ್ಷ ಪಡೆದುಕೊಂಡ ಹುಡುಗಿಯರು ಅವರು. ಆದರೆ ಪರೀಕ್ಷೆ ಬರೆದ ಪ್ರತಿ ಹತ್ತು ಹುಡುಗರಲ್ಲಿ ನಾಲ್ಕು ಮಂದಿ ನಪಾಸಾಗುವುದು ಸಣ್ಣ ಸಂಗತಿಯಲ್ಲ. ಹದಿನಾಲ್ಕಕ್ಕೆ ಟ್ರ್ಯಾಕ್ಟರ್ ಹತ್ತುವ, ಹದಿನೈದಕ್ಕೆ ಗ್ಯಾರೇಜಿನಲ್ಲಿ ಪಾನಾ ಹಿಡಿಯುವ, ಸಂಜೆ ಕೈಗೆ ಬಂದ ದುಡ್ಡಿನ ರುಚಿ ಕಂಡ ಹುಡುಗನನ್ನು ಮತ್ತೆ ಬೆಂಚಿಗೆ ಕರೆತರುವುದು ಹೇಗೆ ಎಂದು ಯಾವ ಕ್ರಿಯಾಯೋಜನೆಯೂ ಹೇಳುವುದಿಲ್ಲ.

ಶಾಲೆಯೊಳಗಿನ ಕೊರತೆ

ಮನೆಯ ಬಡತನವನ್ನು ತೋರಿಸಿ ಶಾಲೆಯ ಹೊಣೆಯನ್ನು ಕಳಚಿಕೊಳ್ಳಲು ನಾವು ಬಿಡುವುದಿಲ್ಲ. "ನಮ್ಮ ಮಕ್ಕಳೇ ಹಿಂಗ ಅದಾರ, ಏನ್ ಮಾಡಾಕ ಬರ್ತದ" ಎಂದು ಸ್ಟಾಫ್ ರೂಮಿನಲ್ಲಿ ಹೇಳುವುದನ್ನು ಕೇಳಿದ್ದೇವೆ. ಆ ಮಾತಿಗೆ ನಮ್ಮ ಪೂರ್ಣ ವಿರೋಧವಿದೆ. ಮಕ್ಕಳು ಯಾರೆಂದು ತಿಳಿಯುವುದು ಅವರಿಗೆ ಹೆಚ್ಚು ಕೊಡಲಿಕ್ಕೆ, ಅವರಿಂದ ಕಡಿಮೆ ನಿರೀಕ್ಷಿಸಲಿಕ್ಕಲ್ಲ.

2024ರಲ್ಲಿ 625ಕ್ಕೆ 625 ಅಂಕ ತೆಗೆದು ರಾಜ್ಯಕ್ಕೇ ಮೊದಲಿಗಳಾದವಳು ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ಅಲ್ಲಿಗೆ ಸೇರಲು ಪ್ರವೇಶ ಪರೀಕ್ಷೆ ಇದೆ ಎಂಬುದನ್ನು ನಾವು ಮರೆತಿಲ್ಲ. ಆದರೂ ಹಳ್ಳಿಯ ಮಗುವಿಗೆ ಹೊಟ್ಟೆ ತುಂಬ ಊಟ, ಮಲಗಲು ಜಾಗ, ಸಂಜೆ ಓದಲು ಬೆಳಕು, ಪ್ರತಿ ವಿಷಯಕ್ಕೂ ಮೇಷ್ಟ್ರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಸರ್ಕಾರ ನಡೆಸುವ ಶಾಲೆ ಅದು. ಅಲ್ಲಿ ಆದದ್ದು ಊರಿನ ಪ್ರೌಢಶಾಲೆಯಲ್ಲಿ ಯಾಕೆ ಆಗಬಾರದು?

ಯಾಕೆಂದರೆ ಊರಿನ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷಿನ ಹುದ್ದೆಗಳು ಖಾಲಿ ಬಿದ್ದಿರುತ್ತವೆ. ಶಾಲೆ ಶುರುವಾದ ಮೇಲೆ ಅತಿಥಿ ಶಿಕ್ಷಕರಿಗೆ ಆದೇಶ ಬರುತ್ತದೆ. ಅವರು ಪಾಠ ಶುರು ಮಾಡುವಾಗ ಮೊದಲ ಅಧ್ಯಾಯಗಳ ಕಾಲವೇ ಮುಗಿದಿರುತ್ತದೆ. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ಗೌರವಧನ, ಅದೂ ಸಮಯಕ್ಕೆ ಬರುವ ಖಾತ್ರಿ ಇಲ್ಲ, ಬೇಸಿಗೆಗೆ ಏನೂ ಇಲ್ಲ. ಇಷ್ಟರಲ್ಲೂ ಭಾನುವಾರ ಬಂದು ವಿಶೇಷ ತರಗತಿ ತೆಗೆದುಕೊಳ್ಳುವ ಅತಿಥಿ ಶಿಕ್ಷಕಿಯರು ನಮ್ಮ ತಾಲೂಕುಗಳಲ್ಲಿದ್ದಾರೆ. ಅವರ ಹೆಸರು ಯಾವ ಸನ್ಮಾನ ಪತ್ರದಲ್ಲೂ ಇಲ್ಲ.

ಎಂಟಕ್ಕೆ ಬಂದ ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂದು ಪ್ರೌಢಶಾಲೆ ಪ್ರಾಥಮಿಕ ಶಾಲೆಯತ್ತ ಕೈ ತೋರಿಸುತ್ತದೆ. ಜೂನ್‌ನಲ್ಲಿ ಕೆಲವು ದಿನ ಸೇತುಬಂಧ ನಡೆಯುತ್ತದೆ, ಆಮೇಲೆ ಪಠ್ಯ ಓಡುತ್ತದೆ. ಐದಾರು ವರ್ಷದ ಕೊರತೆಯನ್ನು ಆ ದಿನಗಳಲ್ಲಿ ತುಂಬಲಾಗದು ಎಂಬುದು ಪಾಠ ಮಾಡುವ ಎಲ್ಲರಿಗೂ ಗೊತ್ತು. ಡಿಸೆಂಬರ್ ಹೊತ್ತಿಗೆ 'ಪಾಸಿಂಗ್ ಪ್ಯಾಕೇಜ್' ಕೈಗೆ ಬರುತ್ತದೆ: ಇಷ್ಟು ಪ್ರಶ್ನೆ, ಇಷ್ಟು ಚಿತ್ರ, ಭಾರತದ ನಕಾಶೆ, ಇವನ್ನು ತಿದ್ದಿ ತೀಡಿದರೆ ಪಾಸಿನ ಅಂಕ. ಮುಳುಗುವ ಮಗುವಿಗೆ ಹಗ್ಗ ಎಸೆಯುವ ಆ ಶಿಕ್ಷಕರನ್ನು ನಾವು ಬೈಯುವುದಿಲ್ಲ. ಪ್ರಶ್ನೆ ಇರುವುದು ಎಂಟನೇ ತರಗತಿಯ ಜೂನ್‌ನಿಂದ ಹತ್ತರ ಡಿಸೆಂಬರ್‌ವರೆಗೆ ಆ ಮಗು ನೀರಿನಲ್ಲೇ ಇದ್ದದ್ದನ್ನು ಯಾರೂ ಯಾಕೆ ನೋಡಲಿಲ್ಲ ಎಂಬುದು. ಉತ್ತೀರ್ಣಕ್ಕೆ ಬೇಕಾದ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸಿದ್ದರಿಂದ ಕೆಲವು ಮಕ್ಕಳಿಗೆ ಒಂದು ವರ್ಷ ಉಳಿಯಬಹುದು, ಉಳಿಯಲಿ. ಅದರಿಂದ ಭಾಗಾಕಾರ ಬರುವುದಿಲ್ಲ.

ಶೇಕಡಾವಾರಿನ ಭಯ ಶಾಲೆಗಳಿಗೆ ಕಲಿಸಿರುವ ಕೆಟ್ಟ ಚಾಳಿಯೊಂದನ್ನು ಇಲ್ಲಿ ಹೆಸರಿಟ್ಟೇ ಹೇಳಬೇಕು. ಒಂಬತ್ತನೆಯ ಕೊನೆಯಲ್ಲಿ "ಇವನಿಗೆ ಆಗೋದಿಲ್ಲ, ಟಿ.ಸಿ. ತಗೊಂಡು ಹೋಗ್ರಿ, ಹೊರಗಿನಿಂದ ಪರೀಕ್ಷೆ ಕಟ್ಟಲಿ" ಎಂದು ಪೋಷಕರನ್ನು ಕರೆಸಿ ಹೇಳುವುದು. ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಹಾಕುವ ಶಾಲೆಗಳಲ್ಲಿ ಇದು ಹೆಚ್ಚು. ನೋಟಿಸಿಗೆ ಹೆದರಿದ ಸರ್ಕಾರಿ ಶಾಲೆಗಳಿಗೂ ಹಬ್ಬುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೇ ತರಗತಿಗೆ ಮುಗಿಯುತ್ತದೆ. ಮಗು ಅತ್ಯಂತ ದುರ್ಬಲವಾಗಿರುವ ಎರಡು ವರ್ಷಗಳಲ್ಲಿ ಅದರ ಬೆನ್ನಿಗೆ ಆ ಕಾಯ್ದೆ ಇಲ್ಲ. ಮೂರೂ ವರ್ಷ ಒಂದೇ ಕಟ್ಟಡ, ಒಂದೇ ಬೆಂಚು. ಎಂಟರಲ್ಲಿ ಇದ್ದ ಹಕ್ಕು ಒಂಬತ್ತಕ್ಕೆ ಹೋದಕೂಡಲೇ ಇಲ್ಲವಾಗುತ್ತದೆ. ಇದನ್ನು ನಾವು ಒಪ್ಪುವುದಿಲ್ಲ.

ನಮ್ಮ ಬೇಡಿಕೆ

ಫಲಿತಾಂಶವನ್ನು ಎಂಟನೇ ತರಗತಿಯಿಂದ ಎಣಿಸಬೇಕು. ಎಂಟಕ್ಕೆ ಸೇರಿದ ಪ್ರತಿ ನೂರು ಮಕ್ಕಳಲ್ಲಿ ಮೂರು ವರ್ಷದಲ್ಲಿ ಹತ್ತನ್ನು ದಾಟಿದವರು ಎಷ್ಟು ಎಂಬ ಒಂದು ಅಂಕಿಯನ್ನು ಪ್ರತಿ ಶಾಲೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರಕಟಿಸುವಂತೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆದೇಶಿಸಬೇಕು. ಉಳಿದೆಲ್ಲ ಬೇಡಿಕೆಗಳಿಗೆ ಇದೇ ಬೇರು. ಮಗುವನ್ನು ಹೊರದಬ್ಬಿದರೆ ಶೇಕಡಾವಾರು ಏರುವ ಬದಲು ಇಳಿಯುವಂತಾದ ದಿನ ಟಿ.ಸಿ. ಕೊಡುವ ಕೈಗಳು ತಾವಾಗಿಯೇ ತಡೆಯುತ್ತವೆ.

ಆ ಅಂಕಿಯ ಪಕ್ಕದಲ್ಲೇ ಶಾಲೆಯ ಮಕ್ಕಳ ಚಿತ್ರ ಇರಬೇಕು: ಗಂಡು ಎಷ್ಟು, ಹೆಣ್ಣು ಎಷ್ಟು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಎಷ್ಟು, ಮನೆಮಾತು ಬೇರೆ ಇರುವವರು ಎಷ್ಟು, ಗುಳೆ ಹೋಗುವ ಮನೆಯವರು ಎಷ್ಟು. ಅದರ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಆ ವರ್ಷ ಯಾವ ವಿಷಯದ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು ಎಂಬುದು. ಇಡೀ ವರ್ಷ ಗಣಿತದ ಶಿಕ್ಷಕರನ್ನು ಕೊಡದೆ ಗಣಿತದ ಫಲಿತಾಂಶಕ್ಕೆ ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುವುದನ್ನು ನಿಲ್ಲಿಸಬೇಕು. ಆ ನೋಟಿಸ್ ಮೊದಲು ಹುದ್ದೆ ತುಂಬಬೇಕಾದವರಿಗೆ ಹೋಗಲಿ. ಜಿಲ್ಲೆಗಳ ಸ್ಥಾನಪಟ್ಟಿಯನ್ನು ಪ್ರಕಟಿಸುವ ಪದ್ಧತಿಯನ್ನೇ ಕೈಬಿಡಬೇಕು.

ಗುಳೆ ಹೋಗುವ ಮನೆಗಳ ಪ್ರೌಢಶಾಲಾ ಮಕ್ಕಳಿಗೆ ದೀಪಾವಳಿಯಿಂದ ಪರೀಕ್ಷೆ ಮುಗಿಯುವವರೆಗೆ ಹೋಬಳಿ ಮಟ್ಟದಲ್ಲಿ ವಸತಿ, ಊಟ ಬೇಕು. ಅತಿಥಿ ಶಿಕ್ಷಕರ ನೇಮಕ ಶಾಲೆ ತೆರೆಯುವ ಮೊದಲೇ ಮುಗಿಯಬೇಕು, ಗೌರವಧನ ತಿಂಗಳು ತಿಂಗಳು ಬರಬೇಕು, ಕಾಯಂ ನೇಮಕಾತಿ ಕಲ್ಯಾಣ ಕರ್ನಾಟಕದ ಖಾಲಿ ಹುದ್ದೆಗಳಿಂದಲೇ ಶುರುವಾಗಬೇಕು. 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತುಹೋದ ಉಚಿತ ಸೈಕಲ್ ಯೋಜನೆ ಮತ್ತೆ ಬರಬೇಕು. ತಾಂಡಾದ ಹುಡುಗಿಗೆ ಶಾಲೆಯನ್ನು ಹತ್ತಿರ ತಂದದ್ದು ಅದು. ಶಿಕ್ಷಣದ ಹಕ್ಕು ಹತ್ತನೇ ತರಗತಿಯವರೆಗೆ ವಿಸ್ತರಿಸಬೇಕು.

ನಾವು ಹೊತ್ತುಕೊಳ್ಳುವುದು

ಬೇಡಿಕೆ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡು ಮನೆಗೆ ಹೋಗುವ ಸಂಘಟನೆ ಇದಲ್ಲ. ಸರ್ಕಾರ ಲೆಕ್ಕ ಕೊಡುವವರೆಗೆ ನಾವೇ ಲೆಕ್ಕ ಹಾಕುತ್ತೇವೆ. ಪ್ರತಿ ಶಾಲೆಯಲ್ಲಿ ಎಸ್‌ಡಿಎಂಸಿಯನ್ನು ಜೊತೆಗಿಟ್ಟುಕೊಂಡು ಮೂರು ವರ್ಷದ ಹಿಂದಿನ ಎಂಟನೇ ತರಗತಿಯ ದಾಖಲಾತಿ ಪುಸ್ತಕ ತೆರೆಯುತ್ತೇವೆ. ಒಂದೊಂದೇ ಹೆಸರಿನ ಮನೆಗೆ ಹೋಗಿ ಆ ಹುಡುಗ, ಆ ಹುಡುಗಿ ಈಗ ಎಲ್ಲಿದ್ದಾರೆ ಎಂದು ಕೇಳುತ್ತೇವೆ. ಬಂದ ಲೆಕ್ಕವನ್ನು ಹೆಸರು ಹೇಳದೆ ಗ್ರಾಮಸಭೆಯಲ್ಲಿ ಓದುತ್ತೇವೆ. ಮದುವೆ ಮಾಡಿಕೊಟ್ಟಿದ್ದರೆ ಅದನ್ನೂ ಓದುತ್ತೇವೆ, ಹಿರಿಯರು ಮುನಿಸಿಕೊಂಡರೂ ಸರಿ.

ಊರ ಗೌಡರ ಮನೆಯಿಂದ, ಪಂಚಾಯಿತಿ ಸದಸ್ಯರ ಮನೆಯಿಂದ ಶುರು ಮಾಡಿ ಒಂದೊಂದು ಮನೆಯನ್ನೂ ಕೇಳುತ್ತೇವೆ: ನಿಮ್ಮ ಮಗು ಊರ ಶಾಲೆಗೆ ಯಾಕೆ ಬರುತ್ತಿಲ್ಲ? ಉಳ್ಳವರು ಬಿಟ್ಟುಹೋದ ಶಾಲೆಯ ಪರವಾಗಿ ತಾಲೂಕು ಕಚೇರಿಯಲ್ಲಿ ಮೇಜು ಕುಟ್ಟಿ ಮಾತಾಡುವವರು ಇಲ್ಲವಾದರು. ಅದರ ಫಲವನ್ನು ಇಲ್ಲದವರ ಮಕ್ಕಳು ಉಣ್ಣುತ್ತಿದ್ದಾರೆ. ನಮ್ಮಲ್ಲಿ ನೌಕರಿಯಲ್ಲಿರುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದಾರೆ ಎಂಬ ಪ್ರಶ್ನೆಗೂ ನಮ್ಮ ಸಭೆಯಲ್ಲಿ ಉತ್ತರ ಕೊಡಬೇಕು. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಈ ಉತ್ತರವೇ ಶುಲ್ಕ.

ಮೊದಲ ರ‍್ಯಾಂಕಿನ ಮಕ್ಕಳ ಫೋಟೋ ಹಾಕಿದ ಫ್ಲೆಕ್ಸನ್ನು ನಮ್ಮ ಬಳಗ ಕಟ್ಟುವುದಿಲ್ಲ. ಯಾವ ಪಕ್ಷದ ದುಡ್ಡನ್ನೂ ಮುಟ್ಟುವುದಿಲ್ಲ. ಶಿಕ್ಷಕರನ್ನು ಸಭೆಯಲ್ಲಿ ನಿಲ್ಲಿಸಿ ಅವಮಾನಿಸುವವರಿಗೆ ನಮ್ಮಲ್ಲಿ ಜಾಗವಿಲ್ಲ. ಪಾಠ ಮಾಡದೆ ಸಂಬಳ ಎಣಿಸುವವರ ಪರವಾಗಿ ನಿಲ್ಲುವವರಿಗೂ ಇಲ್ಲ.

ಈಗ ತಕ್ಷಣದ ಕೆಲಸ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ನಪಾಸಾದ ಮಗು ಪರೀಕ್ಷೆ-2 ಬರೆದು ಅದೇ ವರ್ಷ ಪಿಯುಸಿಗೆ ಹೋಗಬಹುದು. ಇದು ಗೊತ್ತಿಲ್ಲದ ಮನೆಗಳು ಇನ್ನೂ ಇವೆ. ಗೊತ್ತಿದ್ದರೂ ನೋಂದಣಿಯ ದಿನ ಮಗು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತದೆ. ಆದ್ದರಿಂದ ಫಲಿತಾಂಶ ಬಂದ ದಿನದಿಂದಲೇ ಪ್ರತಿ ಊರಿನಲ್ಲಿ ನಪಾಸಾದ ಮಕ್ಕಳ ಮನೆಗೆ ಇಬ್ಬಿಬ್ಬರು ಹೋಗಬೇಕು. ಫೋನು ಮಾಡಿ ಕರೆಸಬೇಕು, ಶಾಲೆಗೆ ಕರೆದೊಯ್ದು ಹೆಸರು ನೋಂದಾಯಿಸಬೇಕು. ಪರೀಕ್ಷೆಯವರೆಗೆ ಸಂಜೆ ಎರಡು ತಾಸು ಗಣಿತ, ಎರಡು ತಾಸು ಇಂಗ್ಲಿಷ್ ಹೇಳಿಕೊಡಲು ಊರಲ್ಲಿ ಡಿಗ್ರಿ ಮುಗಿಸಿ ಕೂತಿರುವ ಹುಡುಗ ಹುಡುಗಿಯರನ್ನು ಒಪ್ಪಿಸಬೇಕು. ಶಾಲೆಯ ಬೀಗದ ಕೈಯನ್ನು ಮುಖ್ಯ ಶಿಕ್ಷಕರಿಂದ ಎಸ್‌ಡಿಎಂಸಿ ಅಧ್ಯಕ್ಷರು ಕೇಳಿ ಪಡೆಯಲಿ. ನಮ್ಮ ಮೊದಲ ಸಭೆಗೆ ಬರುವವರೆಲ್ಲ ತಮ್ಮ ಓಣಿಯಲ್ಲಿ ಹತ್ತನೆಯದು ಮುಗಿಸಲಾಗದ ಒಬ್ಬರನ್ನಾದರೂ ಜೊತೆಗೆ ಕರೆತರಬೇಕು. ಅವರ ನೋಂದಣಿಯ ಕೆಲಸ ಸಭೆಯ ಮೊದಲ ಬಾಬತ್ತು.